ನಮ್ಮ ನೆಲದ ಗಿಡಗಳಿಂದಲೇ ಚಿತ್ರ ಮಾಡಿ ಪ್ರದರ್ಶನ ಇಡಬೇಕು. ಕಿತ್ತು ಮಾಡುವುದು ಸರಿನಾ?

ಎಲೆಗೆರೆ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಒಂದು ಗ್ರಂಥಾಲಯದವರು ಓದುವ ಕೋಣೆಯ ಗೋಡೆಗಳನ್ನು ಒಂದು ತಿಂಗಳ ಮಟ್ಟಿಗೆ ಬಿಟ್ಟುಕೊಡುತ್ತೇವೆ ಅಂದಿದ್ದಾರೆ. ಇದೇ ನೆಲದಲ್ಲಿ ಹುಟ್ಟಿದ, ಈಗ ಕಡಿಮೆಯಾಗುತ್ತಿರುವ ಗಿಡಮರಗಳನ್ನು ಜನಕ್ಕೆ ತೋರಿಸಬೇಕು ಅನ್ನುವುದು ನನ್ನ ಯೋಚನೆ. ಬಣ್ಣದ ಡಬ್ಬಿ ಮುಟ್ಟಬಾರದು ಅಂತ ಒಂದು ಹಟ ಬೇರೆ. ಎಲೆ, ಹೂ, ತೊಗಟೆ, ನಾರು, ರಸ, ಇಷ್ಟರಲ್ಲೇ ಎಲ್ಲ ಆಗಬೇಕು. ಒತ್ತಿ ಒಣಗಿಸಿದ ಎಲೆಗಳ ಚೌಕಟ್ಟುಗಳು ಒಂದಷ್ಟು, ಬಟ್ಟೆಯ ಮೇಲೆ ಎಲೆಯಚ್ಚು ಒಂದಷ್ಟು, ಗಿಡದ ಬಣ್ಣದಲ್ಲೇ ಬರೆದ ಚಿತ್ರಗಳು ಒಂದಷ್ಟು.

ಸದ್ಯಕ್ಕೆ ಪಟ್ಟಿಯಲ್ಲಿರುವುದು ಇವು: ಮುತ್ತುಗ, ಹೊಂಗೆ, ಕಕ್ಕೆ, ಬೂರುಗ, ಸಂಪಿಗೆ, ಅಶೋಕ, ಗುಲ್‌ಮೊಹರ್, ಕಾಗದದ ಹೂ, ದೇವಕಣಗಿಲೆ, ಒಂದೆರಡು ಜರಿಗಿಡ (ಫರ್ನ್). ಸಿಕ್ಕಿದರೆ ಸೀತಾಳೆ ದಂಡೆ.

ಕೆಲಸ ಶುರು ಮಾಡಿದ ಮೇಲೆ ಮನಸ್ಸಿಗೆ ಒಂದು ಕಿರಿಕಿರಿ. ಗಿಡ ಉಳಿಸಿ ಅಂತ ಹೇಳಲು ಗಿಡವನ್ನೇ ಕೀಳುತ್ತಿದ್ದೇನಲ್ಲ, ಇದು ಸರಿಯೇ? ಇನ್ನೊಂದು, ಒಣಗಿಸಿದ ಹೂ ಎಲೆ ಬೇಗ ಕಂದಿಹೋಗುತ್ತವೆ. ಬೂರುಗದ ಹೂವಂತೂ ನೋಡುವ ಹಾಗಿಲ್ಲ. ಕೊನೆಯದು ನಿಜವಾದ ಪ್ರಶ್ನೆ. ಇಂಥ ಪ್ರದರ್ಶನಗಳಿಗೆ ಜನ ಬರುತ್ತಾರೆ, 'ಚೆನ್ನಾಗಿದೆ' ಅನ್ನುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಷ್ಟಕ್ಕೇ ನಿಲ್ಲದ ಹಾಗೆ ಏನು ಮಾಡಬಹುದು?

ಮಣ್ಣಂಗಳ

ಮೊದಲು ಪಟ್ಟಿ ಸರಿ ಮಾಡಿಕೊಳ್ಳಿ. ಗುಲ್‌ಮೊಹರ್ ಮಡಗಾಸ್ಕರ್‌ನ ಮರ. ಕಾಗದದ ಹೂ ದಕ್ಷಿಣ ಅಮೆರಿಕದ್ದು. ದೇವಕಣಗಿಲೆ ಎಷ್ಟೇ ಹಳಬನ ಹಾಗೆ ಕಂಡರೂ ಅದರ ತವರು ಮಧ್ಯ ಅಮೆರಿಕದ ಕಡೆ. ಮೂರೂ ಚಂದವೇ, ಆದರೆ ನಿಮ್ಮ ಗೋಡೆಗೆ ಬೇಡ.

ಅಶೋಕ ಅಂತ ಯಾವುದನ್ನು ಬರೆದಿದ್ದೀರಿ? ಕಾಂಪೌಂಡ್ ಪಕ್ಕ ನೆಟ್ಟಗೆ ನಿಂತು, ಅಂಚು ಅಲೆಅಲೆಯಾದ ಉದ್ದ ಎಲೆಗಳನ್ನು ಕೆಳಕ್ಕೆ ಇಳಿಬಿಟ್ಟಿರುತ್ತದಲ್ಲ, ಅದಾದರೆ ಅದು ಅಶೋಕ ಅಲ್ಲ. ಅದು ಸೀತಾಫಲದ ಕುಟುಂಬದ ಮರ, ಹೂವು ಎಲೆಯೊಳಗೆ ಎಲೆಯಾಗಿ ಹಸಿರಾಗಿರುತ್ತದೆ. ನಿಜವಾದ ಅಶೋಕ ಹುಣಸೆಯ ನೆಂಟ. ಅಷ್ಟೇನೂ ಎತ್ತರ ಬೆಳೆಯುವುದಿಲ್ಲ. ಕೊಂಬೆಗೆ ಅಂಟಿಕೊಂಡೇ ಕಿತ್ತಳೆ ಕೆಂಪಿನ ಹೂಗೊಂಚಲು ಬಿಡುತ್ತದೆ. ತೊಗಟೆಗೆ ಔಷಧಿಯ ಬೇಡಿಕೆ ಜಾಸ್ತಿ, ಸುಲಿದು ಸುಲಿದು ಕಾಡಿನಲ್ಲಿ ಕಡಿಮೆಯಾಗಿದೆ. ಅಳಿವಿನ ಅಪಾಯದ ಜಾಗತಿಕ ಕೆಂಪು ಪಟ್ಟಿಯಲ್ಲೂ ಅದರ ಹೆಸರಿದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಅದೇ ಒಂದು ಒಳ್ಳೆಯ ಚೌಕಟ್ಟು. ನೋಡಿದವರಲ್ಲಿ ಅರ್ಧ ಜನ ಅಲ್ಲೇ ನಿಲ್ಲುತ್ತಾರೆ.

ಸೀತಾಳೆ ಮುಟ್ಟಬೇಡಿ. ಅದು ಆರ್ಕಿಡ್. ಗಿಡ ಪ್ರಾಣಿಗಳ ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಇಡೀ ಆರ್ಕಿಡ್ ಕುಟುಂಬವೇ ಇದೆ. ಕಾಡಿನಿಂದ ಕಿತ್ತ ಹೂವನ್ನು ಒಣಗಿಸಿ ಚೌಕಟ್ಟು ಹಾಕಿದ್ದರೂ, ಯಾರೋ ಇಷ್ಟಪಟ್ಟು ಕೊಂಡು ಪರದೇಶಕ್ಕೆ ಒಯ್ದರೆ ಅದು ಆ ನಿಯಮದೊಳಗೇ ಬರುತ್ತದೆ. ಮೀಸಲು ಅರಣ್ಯವಾದರೆ ಬಿದ್ದ ಎಲೆಯೂ ಅರಣ್ಯ ಉತ್ಪನ್ನವೇ, ಅನುಮತಿ ಇಲ್ಲದೆ ತರುವ ಹಾಗಿಲ್ಲ. ರಸ್ತೆ ಬದಿ, ಪರಿಚಯದವರ ತೋಟ, ನರ್ಸರಿ ಇಷ್ಟರಲ್ಲೇ ನೋಡಿಕೊಳ್ಳಿ.

ಚೀಟಿ ಬರೆಯುವಾಗಲೂ ಎಚ್ಚರ. ಹೆಸರು, ಎಂಥ ಜಾಗದಲ್ಲಿ ಬೆಳೆಯುತ್ತದೆ, ಈಗ ಅದಕ್ಕೇನಾಗಿದೆ, ಇಷ್ಟಿರಲಿ. ಅಪರೂಪದ ಗಿಡವಾದರೆ ಸಿಕ್ಕ ಜಾಗ ಮಾತ್ರ ಬರೆಯಬೇಡಿ, ಫೋಟೋದ ಜೊತೆ ಲೊಕೇಶನ್ ಹಾಕಲೂಬೇಡಿ. ದಕ್ಷಿಣ ಆಫ್ರಿಕಾದ ನಮಕ್ವಾಲ್ಯಾಂಡ್‌ನಲ್ಲಿ ಕೊನೊಫೈಟಮ್ ಅಂತ ಬೆರಳ ತುದಿಯಷ್ಟು ದಪ್ಪದ ರಸಭರಿತ ಗಿಡಗಳಿವೆ. ಆನ್‌ಲೈನ್‌ನಲ್ಲಿ ಅವುಗಳ ಚಂದ ನೋಡಿ ಬೇಡಿಕೆ ಹುಟ್ಟಿ, 2019ರಿಂದೀಚೆಗೆ ಕಳ್ಳರು ಮೂಟೆಗಟ್ಟಲೆ ಅಗೆದು ಸಾಗಿಸಿದ್ದಾರೆ.

ಹಳೇ ಅಚ್ಚು

ಮಣ್ಣಂಗಳ ಅವರು ಹೇಳಿದ್ದು ಅಷ್ಟೂ ಸರಿ. ನನ್ನದು ಅಚ್ಚಿನ ಕೆಲಸ. ಎಲೆ, ಕಾಗದ, ಮಸಿ ಇದರಲ್ಲೇ ತಲೆ ಹಣ್ಣಾಗಿದೆ. ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಕೊಡುವ ಮುಂಚೆ ಒಂದು ಹಳೇ ಸಂಗತಿ ಹೇಳಿಬಿಡುತ್ತೇನೆ. ಗಿಡದ ಕಲೆ ಮಾಡುವವರಿಗೆ ಇದು ಗೊತ್ತಿರಲೇಬೇಕು.

19ನೇ ಶತಮಾನದ ಮಧ್ಯಭಾಗ. ಬ್ರಿಟನ್‌ನಲ್ಲಿ ಜನಕ್ಕೆ ಜರಿಗಿಡದ ಹುಚ್ಚು ಹಿಡಿಯಿತು. ಹುಚ್ಚು ಅಂದದ್ದು ನಾನಲ್ಲ, ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಲೇಖಕ 1855ರಲ್ಲೇ ಹಾಗೆ ಕರೆದಿದ್ದ. ಒತ್ತಿ ಒಣಗಿಸಿದ ಜರಿಗಿಡದ ಆಲ್ಬಂಗಳು, ಪಿಂಗಾಣಿ ಪಾತ್ರೆಯ ಮೇಲೆ ಜರಿಗಿಡ, ಎರಕದ ಕಬ್ಬಿಣದ ಬೆಂಚಿನ ಮೇಲೆ ಜರಿಗಿಡ. ಎಲೆಯನ್ನು ಕಾಗದದ ಮೇಲಿಟ್ಟು ಸುತ್ತ ಮಸಿ ಸಿಡಿಸಿ, ಎಲೆ ಎತ್ತಿದಾಗ ಉಳಿಯುವ ಬಿಳಿ ಆಕಾರವೂ ಆಗ ದೊಡ್ಡ ಫ್ಯಾಷನ್. ಮುದ್ರಣದವರೂ ಹಿಂದೆ ಬೀಳಲಿಲ್ಲ. ನಿಜವಾದ ಗಿಡವನ್ನೇ ಮೆತ್ತನೆಯ ಸೀಸದ ತಗಡಿಗೆ ಒತ್ತಿ, ಆ ಗುರುತಿನಿಂದ ತಾಮ್ರದ ತಗಡು ಮಾಡಿ ಅಚ್ಚು ಹಾಕುವ ವಿಧಾನ ವಿಯೆನ್ನಾದಲ್ಲಿ ಬಂದಿತ್ತು. ಅದನ್ನು ಲಂಡನ್‌ಗೆ ತಂದ ಹೆನ್ರಿ ಬ್ರಾಡ್ಬರಿ 1855ರಲ್ಲಿ ಜರಿಗಿಡಗಳ ದೊಡ್ಡ ಹಾಳೆಗಳನ್ನು ಮುದ್ರಿಸಿದ. ಆ ಹಾಳೆಗಳ ಚಿತ್ರ ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಎಲೆಯ ನರ ಒಂದೊಂದೂ ಎಣಿಸುವ ಹಾಗಿದೆ.

ಇಷ್ಟೆಲ್ಲ ಚಂದ ಆಗಿ ಕೊನೆಗೆ ಏನಾಯಿತು? ಜನ ಬುಟ್ಟಿ, ಗುದ್ದಲಿ ಹಿಡಿದು ಬೆಟ್ಟಕ್ಕೆ ಹೋದರು. ಕಿಲಾರ್ನಿ ಜರಿಗಿಡ ಮತ್ತು ವುಡ್ಸಿಯಾ ಜಾತಿಯ ಗಿಡಗಳು ಎಷ್ಟೋ ಕಡೆ ಬೇರುಸಹಿತ ಖಾಲಿಯಾದವು. ಅಲ್ಲಿಯದೇ ಲೇಡೀಸ್ ಸ್ಲಿಪ್ಪರ್ ಎಂಬ ಆರ್ಕಿಡ್‌ನ ಪಾಡು ಇನ್ನೂ ಕೆಟ್ಟದು. ಸಂಗ್ರಹಕಾರರ ಆಸೆಗೆ ಸಿಕ್ಕಿ, 1917ರ ಹೊತ್ತಿಗೆ ಬ್ರಿಟನ್‌ನಲ್ಲಿ ಪೂರ್ತಿ ಅಳಿಯಿತು ಅಂತಲೇ ಬರೆದುಬಿಟ್ಟಿದ್ದರು. 1930ರಲ್ಲಿ ಯಾರ್ಕ್‌ಷೈರ್‌ನಲ್ಲಿ ಒಂದೇ ಒಂದು ಗಿಡ ಸಿಕ್ಕಿತು. ಆಮೇಲೆ ದಶಕಗಟ್ಟಲೆ ಆ ಜಾಗದ ಗುಟ್ಟು ಬಿಡದೆ ಅದನ್ನು ಕಾದರು.

ಅಂದರೆ ಕಲೆ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಜನ ಆ ಗಿಡಗಳನ್ನು ಪ್ರೀತಿಸಿದರು. ಪ್ರೀತಿಸಿದ್ದರಿಂದಲೇ ಕಿತ್ತರು. ಅರಿವು ಮೂಡಿಸಬೇಕು, ಪ್ರೀತಿ ಹುಟ್ಟಿಸಬೇಕು ಅಂತ ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ಪ್ರೀತಿ ಹುಟ್ಟಿದ ಮೇಲೆ ಆ ಮನುಷ್ಯನ ಕೈ ಎತ್ತ ಹೋಗುತ್ತದೆ ಅನ್ನುವುದನ್ನೂ ಚಿತ್ರ ಮಾಡುವವನೇ ಯೋಚಿಸಬೇಕು.

ಹಾಗಾಗಿ ನನ್ನ ಲೆಕ್ಕ ಇಷ್ಟು. ಅಪರೂಪದ ಗಿಡವಾದರೆ ಕೈಯಲ್ಲಿ ಬರೆಯಿರಿ. ಹೇರಳವಾಗಿರುವ ನಮ್ಮದೇ ಗಿಡವಾದರೆ ಬಳಸಿ. ಕಳೆಯಾದರೆ ಮುಲಾಜಿಲ್ಲದೆ ಮುಗಿಸಿ.

ಬರೆಯುವುದು ಅಂದರೆ ಕಡಿಮೆ ಅಂದುಕೊಳ್ಳಬೇಡಿ. ಮಾರ್ಗರೆಟ್ ಮೀ ಅಂತ ಒಬ್ಬರಿದ್ದರು. 1952ರಲ್ಲಿ ಇಂಗ್ಲೆಂಡ್‌ನಿಂದ ಬ್ರೆಜಿಲ್‌ಗೆ ಹೋಗಿ ಅಮೆಜಾನ್ ಕಾಡಿನಲ್ಲಿ ಮತ್ತೆ ಮತ್ತೆ ಅಲೆದು ಗಿಡಗಳನ್ನು ಬರೆದರು. ಅಲ್ಲಿ ಒಂದು ಕಳ್ಳಿ ಜಾತಿಯ ಗಿಡ ಇದೆ, ಮರಕ್ಕೆ ಹಬ್ಬಿಕೊಂಡಿರುತ್ತದೆ. ಅದರ ಹೂ ರಾತ್ರಿ ಅರಳುತ್ತದೆ, ಒಂದೇ ರಾತ್ರಿ ಇರುತ್ತದೆ. ಅದು ಅರಳುವುದನ್ನು ನೋಡಿ ಬರೆಯಬೇಕೆಂದು ವರ್ಷಗಟ್ಟಲೆ ಕಾದರು. 1988ರಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಅದನ್ನು ಬರೆದರು. ಅವರ ಎಷ್ಟೋ ಚಿತ್ರಗಳಲ್ಲಿ ಗಿಡದ ಹಿಂದೆ ಬಿಳಿ ಹಾಳೆ ಇರುವುದಿಲ್ಲ, ಕಾಡು ಇರುತ್ತದೆ. ಗಿಡ ಎಲ್ಲಿ ನಿಂತಿದೆಯೋ ಅಲ್ಲೇ ಅದಕ್ಕೆ ಬೆಲೆ ಅನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ. ಸೀತಾಳೆಯನ್ನು ನೀವು ಹೀಗೆ ಬರೆಯಿರಿ. ಮರದ ತೊಗಟೆ, ಅದರ ಮೇಲಿನ ಪಾಚಿ, ತೊಗಟೆ ಹಿಡಿದ ದಪ್ಪ ಬೇರು, ಎಲ್ಲ ಸೇರಿಸಿ.

ಬಳಸುವುದಕ್ಕೂ ಒಂದು ಕಟ್ಟುಪಾಡು ಬೇಕು. ನ್ಯೂಜಿಲೆಂಡ್‌ನ ಮಾವೋರಿ ಜನ ಹರಕೆಕೆ ಎಂಬ ನಾರಿನ ಗಿಡದಿಂದ ಬುಟ್ಟಿ, ಚಾಪೆ ಹೆಣೆಯುತ್ತಾರೆ. ಆ ಗಿಡದ ನಡುವಿನ ಎಳೆ ಎಲೆಯನ್ನು ಮಗು ಅನ್ನುತ್ತಾರೆ, ಅದರ ಎರಡು ಪಕ್ಕದ ಎಲೆಗಳು ತಂದೆ ತಾಯಿ. ಈ ಮೂರನ್ನು ಮುಟ್ಟುವ ಹಾಗಿಲ್ಲ. ಹೊರಗಿನ ಬಲಿತ ಎಲೆಗಳನ್ನಷ್ಟೇ ಕೊಯ್ಯುತ್ತಾರೆ. ಈ ಮಾತನ್ನು ನಿಮ್ಮ ಮಕ್ಕಳಿಗೆ ಹೇಳಿ ನೋಡಿ, ಬೇರೆ ನಿಯಮ ಬೇಕಾಗುವುದಿಲ್ಲ.

ಇನ್ನು ಕಂದುವ ವಿಷಯ. ಎಲೆ ಕಪ್ಪಾಗುವುದು ಬಹುಪಾಲು ನಿಧಾನವಾಗಿ ಒಣಗುವುದರಿಂದ. ಮೊದಲ ಕೆಲವು ದಿನ ದಿನಕ್ಕೊಮ್ಮೆ ಕಾಗದ ಬದಲಿಸಿ, ಹಳೇ ನ್ಯೂಸ್‌ಪೇಪರ್ ಸಾಕು. ನಡುವಿನ ದಿಂಡು ದಪ್ಪಗಿದ್ದರೆ ಅದೇ ಒತ್ತಡ ಎಲ್ಲ ತೆಗೆದುಕೊಂಡು ಎಲೆಯ ಅಂಚು ಸುಕ್ಕಾಗುತ್ತದೆ. ಕಾಗದ ಹರಿದು ಚಿಕ್ಕ ಚಿಕ್ಕ ಪದರ ಮಾಡಿ ದಿಂಡಿನ ಎರಡೂ ಪಕ್ಕ ತುಂಬಿಸಿ, ಮಟ್ಟ ಸಮ ಆಗುತ್ತದೆ. ಬೂರುಗದ ಹೂ ಇಡಿಯಾಗಿ ಎಂದೂ ಬರುವುದಿಲ್ಲ, ಅದರಲ್ಲಿ ನೀರು ಜಾಸ್ತಿ. ಉದ್ದಕ್ಕೆ ಸೀಳಿ ಒಳಭಾಗ ಮೇಲೆ ಬರುವ ಹಾಗೆ ಒತ್ತಿ. ಕೇಸರಗಳ ಗೊಂಚಲು ಹರಡಿಕೊಂಡು ಹೂವಿನ ಕಟ್ಟೋಣವೇ ಕಾಣುತ್ತದೆ, ಬಣ್ಣ ಹೋದರೂ ನೋಡಲು ಏನಾದರೂ ಉಳಿದಿರುತ್ತದೆ. ಹುಳ ಬರಬಾರದು ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ತಣ್ಣಗಿರುವಾಗಲೇ ಚೀಲ ಬಿಚ್ಚಬೇಡಿ, ಎಲೆ ಮೇಲೆ ನೀರು ಕೂರುತ್ತದೆ.

ಇಷ್ಟು ಮಾಡಿದರೂ ಕಂದುತ್ತದೆ. ಹಳದಿ ತಕ್ಕಮಟ್ಟಿಗೆ ನಿಲ್ಲುತ್ತದೆ, ಕೆಂಪು ನೀಲಿ ನಿಲ್ಲುವುದಿಲ್ಲ. ಅದನ್ನು ತಡೆಯುವ ಬದಲು ಅದನ್ನೇ ಕೆಲಸಕ್ಕೆ ಹಚ್ಚಿದರೆ ಹೇಗೆ? ಆಂಥೋಟೈಪ್ ಅಂತ ಒಂದು ವಿಧಾನ ಇದೆ. ಜಾನ್ ಹರ್ಷೆಲ್ ಎಂಬ ವಿಜ್ಞಾನಿ 1842ರ ಸುಮಾರಿಗೆ ಇದರ ಮೇಲೆ ಕೆಲಸ ಮಾಡಿದ್ದ, ಸಯನೋಟೈಪ್ ಎಂಬ ನೀಲಿ ಬಣ್ಣದ ಫೋಟೋ ಅಚ್ಚು ಕೊಟ್ಟವನೂ ಅವನೇ. ಹೂ ಅಥವಾ ಎಲೆ ಅರೆದು, ಸ್ವಲ್ಪ ನೀರು ಬೆರೆಸಿ, ತೆಳು ಬಟ್ಟೆಯಲ್ಲಿ ಸೋಸಿ. ಆ ರಸವನ್ನು ದಪ್ಪ ಕಾಗದಕ್ಕೆ ಎರಡು ಮೂರು ಸಲ ಬಳಿದು ಕತ್ತಲಲ್ಲಿ ಒಣಗಿಸಿ. ಮೇಲೆ ಎಲೆ ಇಟ್ಟು, ಗಾಜು ಮುಚ್ಚಿ, ಕ್ಲಿಪ್ ಹಾಕಿ ಬಿಸಿಲಿಗಿಡಿ. ಬಿಸಿಲು ಬಿದ್ದ ಕಡೆ ಬಣ್ಣ ಹಾರುತ್ತದೆ, ಎಲೆಯ ಕೆಳಗೆ ಉಳಿಯುತ್ತದೆ. ಕೆಲವು ರಸಕ್ಕೆ ಕೆಲವೇ ದಿನ ಸಾಕು, ಕೆಲವಕ್ಕೆ ವಾರಗಟ್ಟಲೆ ಬೇಕು. ಹಸಿ ಎಲೆ ಇಡಬೇಡಿ, ಗಾಜಿನ ಕೆಳಗೆ ಬೆವರಿ ಬೂಷ್ಟು ಬರುತ್ತದೆ. ಒತ್ತಿ ಒಣಗಿಸಿದ್ದನ್ನೇ ಇಡಿ.

ಗಾಜು ಎತ್ತುವ ಹೊತ್ತು ನನಗೆ ಇಷ್ಟ. ಎಲೆ ಕಾಗದಕ್ಕೆ ಅಂಟಿಕೊಂಡಿದ್ದ ಕಡೆ ಅಂಚು ಕತ್ತರಿಸಿದ ಹಾಗೆ ಚೂಪು. ಎಲೆಯ ತುದಿ ಸ್ವಲ್ಪ ಮೇಲೆದ್ದಿದ್ದರೆ ಅಲ್ಲಿ ಮಾತ್ರ ಮಂಜು ಮಂಜು. ತೆಳು ಎಲೆಯಾದರೆ ನರಗಳೂ ಬರುತ್ತವೆ, ಸುತ್ತಲಿಗಿಂತ ಒಂದು ಎಳೆ ಗಾಢವಾಗಿ. ಕುಂಚ ಎರಡು ಸಲ ಓಡಿದ ಜಾಗದಲ್ಲಿ ಗೆರೆ ಉಳಿದಿರುತ್ತದೆ, ಅದನ್ನು ನಾನು ಅಳಿಸಲು ಹೋಗುವುದಿಲ್ಲ.

ಈ ಚಿತ್ರವನ್ನು ಸ್ಥಿರ ಮಾಡುವ ರಾಸಾಯನಿಕ ಇಲ್ಲ. ಬೆಳಕು ಬಿದ್ದಷ್ಟೂ ಹೋಗುತ್ತಲೇ ಇರುತ್ತದೆ. ಮುತ್ತುಗದ ಹೂವಿನ ರಸದಲ್ಲಿ ಮುತ್ತುಗದ್ದೇ ಎಲೆಯ ಆಕಾರ ತೆಗೆದು, ಕಿಟಕಿಯ ಪಕ್ಕ ತೂಗುಹಾಕಿ. ಅರ್ಧ ಭಾಗವನ್ನು ಕಪ್ಪು ರಟ್ಟಿನಿಂದ ಪೂರ್ತಿ ಮುಚ್ಚಿಡಿ. ಕೊನೆಯ ದಿನ ಎಲ್ಲರ ಎದುರು ರಟ್ಟು ತೆಗೆಯಿರಿ. ಏನು ಇತ್ತು, ಏನು ಹೋಯಿತು ಅನ್ನುವುದಕ್ಕೆ ಚೀಟಿ ಬೇಕಾಗುವುದಿಲ್ಲ.

ಸುಮ್ನೆ ಕೇಳ್ದೆ

ಎಲ್ಲ ಓದಿದೆ, ಚೆನ್ನಾಗಿದೆ. ಆದರೆ ಒಂದು ಮಾತು ಹೇಳಲೇಬೇಕು, ತಪ್ಪು ತಿಳಿಯಬೇಡಿ. ಚಿತ್ರ ನೋಡಿ ಯಾರು ಗಿಡ ಉಳಿಸಿದ್ದಾರೆ? ಕಾಡು ಹೋಗುತ್ತಿರುವುದು ರಸ್ತೆಗೆ, ಗಣಿಗೆ, ಅಣೆಕಟ್ಟೆಗೆ, ಬಡಾವಣೆಗೆ. ಗ್ರಂಥಾಲಯದ ಗೋಡೆ ಮೇಲೆ ಎಲೆ ಅಂಟಿಸಿದರೆ ಇದರಲ್ಲಿ ಯಾವುದು ನಿಲ್ಲುತ್ತದೆ? ಅಷ್ಟೇ ಸಮಯದಲ್ಲಿ ನಾಲ್ಕು ಗಿಡ ನೆಡಬಹುದು ಅಲ್ವಾ?

ಹಳೇ ಅಚ್ಚು

ನ್ಯಾಯವಾದ ಪ್ರಶ್ನೆ. ಗೋಡೆ ಮೇಲಿನ ಎಲೆ ಗಣಿ ನಿಲ್ಲಿಸುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಕಲೆ ನೇರವಾಗಿ ನೆಲಕ್ಕೆ ಉಪಯೋಗ ಆಗಿದ್ದೂ ಇದೆ.

ಲಂಟಾನ ಗೊತ್ತಲ್ಲ. ಅಮೆರಿಕ ಖಂಡದ ಗಿಡ. 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ಅಂದಕ್ಕೆಂದು ಭಾರತಕ್ಕೆ ತಂದರು. ಈಗ ಅದು ಕಾಡಿನ ನೆಲವನ್ನೆಲ್ಲ ಹೊದ್ದುಕೊಂಡು ಹುಲ್ಲು, ಎಳೆ ಸಸಿ ಮೇಲೇಳಲು ಬಿಡುವುದಿಲ್ಲ. ನೀಲಗಿರಿಯ ಆದಿವಾಸಿ ಕುಶಲಕರ್ಮಿಗಳು ಆ ಲಂಟಾನ ಕಡಿದು ತಂದು, ಕಾಂಡಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಕಬ್ಬಿಣದ ಚೌಕಟ್ಟಿಗೆ ಸುತ್ತಿ ಆಳೆತ್ತರ ಮೀರಿದ ಆನೆಗಳನ್ನು ಮಾಡಿದರು. ಸುಮ್ನೆ ಯಾವುದೋ ಆನೆ ಅಲ್ಲ, ಅವರ ಊರಿನ ಸುತ್ತ ಓಡಾಡುವ, ಅವರಿಗೆ ಗುರುತಿರುವ ಆನೆಗಳು. 2021ರಲ್ಲಿ ಆ ಹಿಂಡು ಲಂಡನ್‌ನ ಉದ್ಯಾನಗಳಲ್ಲಿ ನಿಂತಿತ್ತು. ಕಳೆ ತೆಗೆದಿದ್ದೂ ಆಯಿತು, ಮಾಡಿದವರ ಕೈಗೆ ದುಡಿಮೆಯೂ ಸಿಕ್ಕಿತು, ಮನುಷ್ಯ ಮತ್ತು ಆನೆ ಒಂದೇ ಜಾಗದಲ್ಲಿ ಬದುಕುವ ಮಾತೂ ಎದ್ದಿತು. ನನಗೆ ಗೊತ್ತಿರುವ ಗಿಡದ ಕಲೆಯಲ್ಲಿ ಇಷ್ಟು ಲೆಕ್ಕಕ್ಕೆ ಸರಿಹೋಗುವ ಇನ್ನೊಂದು ಕೆಲಸ ಇಲ್ಲ.

ಇನ್ನೊಂದು ಉದಾಹರಣೆ ಸ್ವಲ್ಪ ಹಳೆಯದು, ಸ್ವಲ್ಪ ಕಹಿಯೂ ಹೌದು. ಹ್ಯೂ ಕ್ಲೆಗಾರ್ನ್ ಎಂಬ ವೈದ್ಯ 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ. ದಿನಕ್ಕೊಂದು ಗಿಡ ಗಮನಿಸಬೇಕು ಅಂತ ಗೊತ್ತುಮಾಡಿಕೊಂಡು, ಒಬ್ಬ ಮರಾಠಿ ಕಲಾವಿದನಿಂದ ಆ ಗಿಡಗಳನ್ನು ಬರೆಸುತ್ತಿದ್ದ. ಹಾಗೆ ಗಿಡ ನೋಡುತ್ತಾ ಇದ್ದವನಿಗೆ ಕಾಡು ಕರಗುತ್ತಿರುವುದೂ ಕಂಡಿತು. 1851ರಲ್ಲಿ ಉಷ್ಣವಲಯದ ಕಾಡುಗಳ ನಾಶದ ಬಗ್ಗೆ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಘದ ಮುಂದೆ ವರದಿ ಇಟ್ಟವರಲ್ಲಿ ಅವನೇ ಮುಖ್ಯ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ. ಕಹಿ ಅಂದದ್ದು ಯಾಕೆಂದರೆ, ಅವನಂಥವರು ಕಾಡಿನ ನಾಶಕ್ಕೆ ಕಾಡು ಕಡಿದು ಸುಟ್ಟು ಬೆಳೆಯುವ ಕುಮರಿ ಬೇಸಾಯದವರನ್ನೂ ದೂರಿದರು, ಅದನ್ನು ತಡೆದಾಗ ಪೆಟ್ಟು ಬಿದ್ದದ್ದು ಬಡವರಿಗೆ. ಆ ಚಿತ್ರಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ನಮ್ಮ ಗಿಡಗಳನ್ನು ಬರೆದ ಆ ಕಲಾವಿದ ಮಾತ್ರ ಎಲ್ಲರ ಬಾಯಲ್ಲೂ ಬರೀ 'ಮರಾಠಿ ಕಲಾವಿದ'. ಎಲೆಗೆರೆ ಅವರೇ, ನಿಮ್ಮ ಗೋಡೆಯ ಮೇಲೆ ಮಕ್ಕಳು ಬರೆದದ್ದು ಏನಾದರೂ ಇದ್ದರೆ ಅವರ ಹೆಸರು ಹಾಕಿ.

ನಾಲ್ಕು ಗಿಡ ನೆಡುವ ಮಾತಿಗೆ ಬರೋಣ. ನೆಡಿ, ಖಂಡಿತ ನೆಡಿ. ಆದರೆ ಯಾವ ಗಿಡ? ಗುಲ್‌ಮೊಹರ್ ನಮ್ಮದಲ್ಲ ಅಂತ ಗಿಡ ಪ್ರೀತಿಸುವ ಮನುಷ್ಯರಿಗೇ ಗೊತ್ತಿಲ್ಲದಿದ್ದರೆ, ನೆಡುವಾಗ ಅದನ್ನೇ ಅಲ್ವಾ ನೆಡುವುದು? ಕಾಡಿನ ಫೋಟೋ ತೋರಿಸಿ ಏನು ಕಾಣುತ್ತಿದೆ ಅಂತ ಕೇಳಿ ನೋಡಿ. ಮೂಲೆಯಲ್ಲಿರುವ ಜಿಂಕೆ ಅನ್ನುತ್ತಾರೆ. ಫೋಟೋ ತುಂಬ ಇರುವ ಮರಗಳನ್ನು ಯಾರೂ ಹೇಳುವುದಿಲ್ಲ. ಅಮೆರಿಕದ ಇಬ್ಬರು ಶಿಕ್ಷಣ ತಜ್ಞರು, ವಾಂಡರ್ಸಿ ಮತ್ತು ಶುಸ್ಲರ್, 1990ರ ದಶಕದ ಕೊನೆಯಲ್ಲಿ ಇದನ್ನು ಗಿಡಗುರುಡು ಅಂತ ಗುರುತಿಸಿದರು. ಪ್ರದರ್ಶನದಿಂದ ಆಗಬೇಕಾದ ಕೆಲಸ ಇಷ್ಟೇ, ಆ ಕುರುಡು ಸ್ವಲ್ಪ ಬಿಡಬೇಕು.

ಅದಕ್ಕೆ ಒಂದು ಉಪಾಯ ಹೇಳುತ್ತೇನೆ, ನಿಮ್ಮ ಮೂರನೇ ಪ್ರಶ್ನೆಗೂ ಇದೇ ಉತ್ತರ. ಕೋಣೆಯ ನಡುವೆ ಒಂದು ಮೇಜು ಹಾಕಿ. ಕುಂಡದಲ್ಲಿ ಜೀವಂತ ಗಿಡ ಒಂದಿರಲಿ, ಹೊಂಗೆಯ ಸಸಿಯೋ, ನಿಜವಾದ ಅಶೋಕದ ಸಸಿಯೋ. ಪಕ್ಕದಲ್ಲಿ ಪೆನ್ಸಿಲ್, ಬಿಳಿ ಹಾಳೆ. ಬಂದವರು ಒಂದು ಎಲೆ ಬರೆದು ಹೋಗಲಿ, ಹೇಗೆ ಬಂದರೂ ಪರವಾಗಿಲ್ಲ. ಅಶೋಕದ ಚಿಗುರೆಲೆ ಸೋತ ಹಾಗೆ ಜೋತು ಬಿದ್ದಿರುತ್ತದೆ, ಬಣ್ಣವೂ ತಾಮ್ರಗೆಂಪು. ನೋಡಿದವರಿಗೆ ನೀರು ಹಾಕಿಲ್ಲವೇನೋ ಅನಿಸುತ್ತದೆ. ಬಲಿತಂತೆ ಹಸಿರಾಗಿ ಗಟ್ಟಿಯಾಗುತ್ತದೆ. ಫೋಟೋ ತೆಗೆದವನು ಇದನ್ನು ನೋಡಿರುವುದಿಲ್ಲ. ಪೆನ್ಸಿಲ್ ಹಿಡಿದವನು ನೋಡದೆ ವಿಧಿಯಿಲ್ಲ.

ಸುಮ್ನೆ ಕೇಳ್ದೆ

ಲಂಟಾನ ಆನೆ ವಿಷಯ ಗೊತ್ತಿತ್ತು, ಬೇಯಿಸಿ ಸುಲಿಯುತ್ತಾರೆ ಅಂತ ಗೊತ್ತಿರಲಿಲ್ಲ. ಪೆನ್ಸಿಲ್ ಮಾತು ಒಪ್ಪಿದೆ. ಗಣಿ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ :)

ಎಲೆಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ನನ್ನ ಪಟ್ಟಿಯ ಅಶೋಕ ಆ ಕಾಂಪೌಂಡ್ ಪಕ್ಕದ್ದೇ. ಈಗ ಎರಡನ್ನೂ ಅಕ್ಕಪಕ್ಕ ಇಡುತ್ತೇನೆ, ನಿಜವಾದದ್ದನ್ನು ಬರೆದು, ಇನ್ನೊಂದರ ಎಲೆಯನ್ನು ಒತ್ತಿ. ವಿದೇಶಿ ಮೂರನ್ನೂ ತೆಗೆದೆ. ಜರಿಗಿಡವನ್ನು ನರ್ಸರಿಯಿಂದ ಕುಂಡದಲ್ಲಿ ತಂದು, ಕೀಳದೆ ಬರೆಯುತ್ತೇನೆ.

ಮುತ್ತುಗದ ಬಗ್ಗೆ ಒಂದು ಅನುಮಾನ. ಎಲೆ, ಹೂ ಎರಡೂ ಒಟ್ಟಿಗೆ ಬೇಕು ಅಂದರೆ ಹೇಗೆ? ಇನ್ನೊಂದು, ಚೌಕಟ್ಟಿನ ಹಿಂದಿನ ಕಾಗದಕ್ಕೆ ಕಳೆಯನ್ನೇ ಬಳಸಬಹುದಾ?

ಮಣ್ಣಂಗಳ

ಮುತ್ತುಗ ಹೂ ಬಿಡುವಾಗ ಎಲೆ ಇರುವುದಿಲ್ಲ. ಬೂರುಗವೂ ಹಾಗೇ. ಮುತ್ತುಗದ ಹೂ ಬೇಸಿಗೆಯ ಶುರುವಿನಲ್ಲಿ ಮರದಡಿ ರಾಶಿ ಬಿದ್ದಿರುತ್ತದೆ, ಕೀಳುವುದೇ ಬೇಡ, ಆರಿಸಿ ಒಣಗಿಸಿಟ್ಟುಕೊಳ್ಳಿ. ಎಲೆ ಆಮೇಲೆ ಬರುತ್ತದೆ. ಗ್ರಂಥಾಲಯದವರ ಹತ್ತಿರ ಮಾತಾಡಿ ಪ್ರದರ್ಶನವನ್ನು ಮಳೆಗಾಲದ ನಂತರಕ್ಕೆ ಇಟ್ಟುಕೊಂಡರೆ ಎರಡೂ ಕೈಯಲ್ಲಿರುತ್ತವೆ. ಒಣ ಹೂವನ್ನು ಕುದಿಸಿದರೆ ಹಳದಿ ಕಿತ್ತಳೆಯ ನೀರು ಬಿಡುತ್ತದೆ. ಬಟ್ಟೆಗೆ ಮೊದಲು ಪಟಿಕದ ನೀರು ಕುಡಿಸಿದ್ದರೆ ಹಳದಿ ಚೆನ್ನಾಗಿ ಹಿಡಿಯುತ್ತದೆ. ಚಿಟಿಕೆ ವಾಷಿಂಗ್ ಸೋಡಾ ಹಾಕಿದರೆ ಕಿತ್ತಳೆಯ ಕಡೆ ತಿರುಗುತ್ತದೆ.

ಹಳೇ ಅಚ್ಚು

ಕಪ್ಪು ಬೇಕಾದರೆ ಅಳಲೆಕಾಯಿ. ಕಾಯಿ ಜಜ್ಜಿ ಕುದಿಸಿದ ಕಷಾಯಕ್ಕೆ ತುಕ್ಕು ಹಿಡಿದ ಮೊಳೆ ನೆನೆಸಿದ ಹುಳಿನೀರು ಸೇರಿಸಿ, ಎದುರಲ್ಲೇ ಕಪ್ಪಾಗುತ್ತದೆ. ಕಬ್ಬಿಣ ಜಾಸ್ತಿಯಾದರೆ ಮುಂದೆ ಕಾಗದವನ್ನೇ ತಿನ್ನುತ್ತದೆ, ಹದ ನೋಡಿಕೊಳ್ಳಿ.

ಹಿಂದಿನ ಕಾಗದಕ್ಕೆ ನೀರು ಹಯಸಿಂತ್ ಬಳಸಿ. ದಕ್ಷಿಣ ಅಮೆರಿಕದಿಂದ ಬಂದು ಕೆರೆ ಮುಚ್ಚಿಕೊಳ್ಳುವ ಕಳೆ ಅದು, ಎಷ್ಟು ತೆಗೆದರೂ ಪುಣ್ಯ. ಎಲೆ, ಬೇರು ಬಿಟ್ಟು ದಂಟು ಮಾತ್ರ ತೆಗೆದುಕೊಳ್ಳಿ. ಚೂರು ಮಾಡಿ, ವಾಷಿಂಗ್ ಸೋಡಾ ಹಾಕಿ ಮೆತ್ತಗಾಗುವವರೆಗೆ ಬೇಯಿಸಿ, ಚೆನ್ನಾಗಿ ತೊಳೆದು ಅರೆಯಿರಿ. ಅದೊಂದೇ ಆದರೆ ಹಾಳೆ ಒಣಗುವಾಗ ಮುದುರಿಕೊಂಡು ಗರಿಗರಿ ಆಗುತ್ತದೆ. ನೆನೆಸಿದ ಹಳೇ ಕಾಗದದ ಹಿಟ್ಟು ಅರ್ಧಕ್ಕರ್ಧ ಬೆರೆಸಿ. ಬಣ್ಣ ಕಂದು ಬರುತ್ತದೆ, ಎಲೆಯ ಹಿಂದೆ ಚೆನ್ನಾಗಿ ಕೂರುತ್ತದೆ. ಬೇರು, ಬುಡದ ಚೂರನ್ನು ಮಾತ್ರ ವಾಪಸ್ ನೀರಿಗೆ ಎಸೆಯಬೇಡಿ, ಅಲ್ಲಿಂದಲೇ ಮತ್ತೆ ಹಬ್ಬುತ್ತದೆ. ಬಿಸಿಲಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.